ಹಾಸಿಗೆ ಖಾಲಿ, ಮನೆ ಖಾಲಿಯಲ್ಲ: ಸಂದರ್ಭ ಅರಿಯುವ ಆರೋಗ್ಯ ನಿಗಾದ ಒಂದು ಪ್ರಕರಣ ಅಧ್ಯಯನ

ರೋಗಿಯ ಸುತ್ತಮುತ್ತಲಿನ ಸಂದರ್ಭ ನೋಡಿಕೊಂಡು ಕೆಲಸ ಮಾಡುವ ನಿಗಾ ವ್ಯವಸ್ಥೆಗಳ ಬಗ್ಗೆ ಎಲ್ಲರೂ ಮೊದಲು ಹೇಳುವುದು ಒಂದೇ ಮಾತು, ಬೇಡದ ಅಲಾರಂ ಕಡಿಮೆಯಾಗುತ್ತದೆ ಅಂತ. ನಿಜ, ಕಡಿಮೆಯಾಗುತ್ತದೆ. ಆದರೆ ಹಾಗೆ ಕಡಿಮೆಯಾದವುಗಳಲ್ಲಿ ಬೇಕಾದ ಅಲಾರಂ ಕೂಡ ಒಂದು ಹೋಯಿತಾ ಅಂತ ನೋಡುವವರು ಯಾರು? ಈ ಪ್ರಕರಣ ಬರೆಯಲು ಕೂತಿರುವುದೇ ಆ ಪ್ರಶ್ನೆಗಾಗಿ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಇದು ಯಾವುದೋ ಒಬ್ಬ ವ್ಯಕ್ತಿಯ ಆಸ್ಪತ್ರೆ ಕಡತವಲ್ಲ. ಮನೆಯಲ್ಲಿರುವ ಹೃದಯ ರೋಗಿಗಳನ್ನು ದೂರದಿಂದ ನೋಡಿಕೊಳ್ಳುವಾಗ ಎದುರಾಗುವ ತೊಂದರೆಗಳನ್ನು ಒಬ್ಬ ರೋಗಿಯ ಸುತ್ತ ಜೋಡಿಸಿ ಕಟ್ಟಿದ ಪ್ರಕರಣ. ಆಕೆಯ ತೂಕ, ನಾಡಿ ಇವೆಲ್ಲ ಉದಾಹರಣೆಯ ಅಂಕಿಗಳು. ಕಾಯಿಲೆ ಹೇಗೆ ನಡೆದುಕೊಳ್ಳುತ್ತದೆ, ಸೆನ್ಸರ್ ಎಲ್ಲಿ ಎಡವುತ್ತದೆ ಎಂಬುದು ಮಾತ್ರ ಇರುವಂತೆಯೇ ಇದೆ. ಹೊರಗಿನ ಅಧ್ಯಯನಗಳ ಅಂಕಿಗಳೂ ಹಾಗೆಯೇ.

ರೋಗಿ 71 ವರ್ಷದ ಮಹಿಳೆ. ಹೃದಯ ವೈಫಲ್ಯ, ಅಂದರೆ ಹಾರ್ಟ್ ಫೇಲ್ಯೂರ್. ಹೃದಯ ನಿಂತುಹೋಗುವುದು ಅಂತ ಇದರ ಅರ್ಥವಲ್ಲ. ಮೈಗೆ ಬೇಕಾದಷ್ಟು ರಕ್ತವನ್ನು ತಳ್ಳಲು ಹೃದಯಕ್ಕೆ ಆಗುತ್ತಿಲ್ಲ, ಹಾಗಾಗಿ ಮೈಯಲ್ಲಿ ನೀರು ನಿಲ್ಲುತ್ತದೆ, ಕಾಲು ಊದಿಕೊಳ್ಳುತ್ತದೆ, ಶ್ವಾಸಕೋಶದಲ್ಲಿ ನೀರಿನ ಒತ್ತಡ ಜಾಸ್ತಿಯಾಗಿ ಏದುಸಿರು ಬರುತ್ತದೆ. ಇಂಥದ್ದೇ ತೊಂದರೆಯಿಂದ ಆಸ್ಪತ್ರೆಗೆ ಸೇರಿ, ನೀರು ಇಳಿಸಿಕೊಂಡು ಮನೆಗೆ ಬಂದಿದ್ದಾರೆ. ಡಿಸ್ಚಾರ್ಜ್ ದಿನದ ತೂಕ 62.4 ಕಿಲೋ. ನೀರು ಪೂರ್ತಿ ಇಳಿದ ಮೇಲಿನ ಈ ತೂಕವನ್ನು ವೈದ್ಯರು ಒಣ ತೂಕ ಅನ್ನುತ್ತಾರೆ. ಮುಂದಿನ ಕಥೆಯೆಲ್ಲ ಈ ಅಂಕಿಯ ಮೇಲೆ ನಿಂತಿದೆ, ಹಾಗಾಗಿ ನೆನಪಿರಲಿ. ದಿನವೂ ನೀರು ಇಳಿಸುವ ಮಾತ್ರೆ, ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ, ಇನ್ನೂ ಎರಡು ಮೂರು ಮಾತ್ರೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ.

ಮನೆಗೆ ಕಳಿಸುವಾಗ ಒಂದು ನಿಗಾ ಕಿಟ್ ಜೊತೆಗೆ ಬಂತು. ಮಣಿಕಟ್ಟಿಗೆ ಒಂದು ಬ್ಯಾಂಡ್, ಅದು ನಾಡಿ ಮತ್ತು ಹೆಜ್ಜೆ ನೋಡುತ್ತದೆ. ತೂಕದ ಯಂತ್ರ, ಬಿಪಿ ಯಂತ್ರ, ರಕ್ತದ ಆಮ್ಲಜನಕದ ಮಟ್ಟ ನೋಡಲು ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್. ಹಾಸಿಗೆ ಕೆಳಗೆ ಒಂದು ತೆಳು ಪಟ್ಟಿ: ಹೃದಯ ರಕ್ತ ತಳ್ಳಿದಾಗಲೆಲ್ಲ ಮೈ ನಮಗೆ ಗೊತ್ತಾಗದಷ್ಟು ಸಣ್ಣಗೆ ಅಲುಗುತ್ತದೆ, ಆ ಅಲುಗಾಟದಿಂದಲೇ ಅದು ಬಡಿತ, ಉಸಿರು ಎರಡನ್ನೂ ಲೆಕ್ಕ ಹಾಕುತ್ತದೆ. ಮುಂಬಾಗಿಲಿಗೆ ತೆರೆದದ್ದು ಮುಚ್ಚಿದ್ದು ಹೇಳುವ ಒಂದು ಸೆನ್ಸರ್. ಇಷ್ಟೂ ಒಂದು ಚಿಕ್ಕ ಪೆಟ್ಟಿಗೆಗೆ ಬಂದು ಸೇರಿ, ಅಲ್ಲಿಂದ ನಿಗಾ ಕೇಂದ್ರದ ನರ್ಸ್ ಮುಂದಿನ ಪರದೆಗೆ ಹೋಗುತ್ತದೆ.

ಮೊದಲ ಹಂತ: ಬರೀ ಗೆರೆಗಳು

ಶುರುವಿನಲ್ಲಿ ವ್ಯವಸ್ಥೆಗೆ ಗೊತ್ತಿದ್ದದ್ದು ಗೆರೆ ದಾಟಿತಾ ಇಲ್ವಾ ಅನ್ನುವುದು ಮಾತ್ರ. ನಾಡಿ 110 ದಾಟಿದರೆ ಅಲಾರಂ, ಆಮ್ಲಜನಕ 92ಕ್ಕಿಂತ ಇಳಿದರೆ ಅಲಾರಂ, ತೂಕ ಮೂರು ದಿನದೊಳಗೆ 2 ಕಿಲೋ ಏರಿದರೆ ಅಲಾರಂ. ತೂಕದ ಈ ಗೆರೆ ಸುಮ್ನೆ ಹಾಕಿದ್ದಲ್ಲ, ಹೃದಯ ವೈಫಲ್ಯದ ರೋಗಿಗಳಿಗೆ ವೈದ್ಯರು ಹೇಳಿಕೊಡುವ ಎಚ್ಚರಿಕೆಗಳಲ್ಲಿ ಇದೂ ಒಂದು.

ಅಲಾರಂಗಳು ಬಂದವು, ಬರುತ್ತಲೇ ಇದ್ದವು. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ 88 ತೋರಿಸುತ್ತಿತ್ತು, ಕೈ ಉಜ್ಜಿಕೊಂಡು ಮತ್ತೆ ಹಾಕಿದರೆ 96. ತೂಕದ ಯಂತ್ರವನ್ನು ಯಾರೋ ಮೆತ್ತನೆ ಹಾಸಿನ ಮೇಲೆ ಸರಿಸಿದ್ದರಿಂದ ಒಂದು ದಿನ ತೂಕ ಏಕಾಏಕಿ ಇಳಿಯಿತು, ಮರುದಿನ ಗಟ್ಟಿ ನೆಲಕ್ಕೆ ತಂದಾಗ ಏಕಾಏಕಿ ಏರಿತು. ಬ್ಯಾಂಡ್ ಸಡಿಲವಾಗಿದ್ದಾಗ ನಡೆಯುವ ಹೆಜ್ಜೆಯ ತಾಳವನ್ನೇ ನಾಡಿ ಅಂತ ಎಣಿಸಿಬಿಡುತ್ತಿತ್ತು. ಬೆಳಕಿನಿಂದ ನಾಡಿ ನೋಡುವ ಮಣಿಕಟ್ಟಿನ ಸೆನ್ಸರ್‌ಗಳ ಹಳೇ ಕಾಯಿಲೆ ಇದು. ನರ್ಸ್ ಪ್ರತಿ ಸಲ ಫೋನ್ ಮಾಡುತ್ತಿದ್ದರು, ಪ್ರತಿ ಸಲ ಆಕೆ "ಏನೂ ಆಗಿಲ್ಲ ಸಿಸ್ಟರ್, ಚೆನ್ನಾಗಿದ್ದೀನಿ" ಅನ್ನುತ್ತಿದ್ದರು. ಸ್ವಲ್ಪ ದಿನಕ್ಕೆ ಇಬ್ಬರಿಗೂ ಬೇಜಾರು ಹಿಡಿಯಿತು.

ಈ ಬೇಜಾರನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆಸ್ಪತ್ರೆಗಳ ಗುಣಮಟ್ಟ ನೋಡುವ ಅಮೆರಿಕದ ಜಾಯಿಂಟ್ ಕಮಿಷನ್ 2013ರಲ್ಲಿ ಇದರ ಬಗ್ಗೆಯೇ ಒಂದು ಎಚ್ಚರಿಕೆ ಹೊರಡಿಸಿತು. ಆಸ್ಪತ್ರೆ ಯಂತ್ರಗಳ ಅಲಾರಂಗಳಲ್ಲಿ ಶೇಕಡಾ 85ರಿಂದ 99ರಷ್ಟಕ್ಕೆ ಯಾರೂ ಏನೂ ಮಾಡಬೇಕಾಗಿರುವುದಿಲ್ಲ ಅಂತ ಅದು ಹೇಳಿತು. ಹೀಗಿದ್ದಾಗ ಮನುಷ್ಯರ ಕಿವಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ನಿಜವಾದ ಅಲಾರಂ ಬಂದಾಗಲೂ. ಅದು ನರ್ಸ್ ತಪ್ಪಲ್ಲ.

ಎರಡನೇ ಹಂತ: ಸಂದರ್ಭ ಸೇರಿಸಿದ್ದು

ಕಂಪ್ಯೂಟರ್‌ಗೆ ಸಂದರ್ಭ ತಿಳಿಸಿಕೊಡುವ ಯೋಚನೆ ಹೊಸದೇನಲ್ಲ. 1994ರಲ್ಲಿ ಷಿಲಿಟ್ ಮತ್ತು ಥೈಮರ್ ಎಂಬಿಬ್ಬರು ಸಂಶೋಧಕರು, ಯಾರು ಎಲ್ಲಿದ್ದಾರೆ, ಹತ್ತಿರ ಯಾರಿದ್ದಾರೆ, ಏನೇನಿದೆ ಅಂತ ನೋಡಿ ತಾನೇ ಬದಲಾಗುವ ತಂತ್ರಾಂಶದ ಬಗ್ಗೆ ಬರೆದರು. 2001ರಲ್ಲಿ ಅನಿಂದ್ ಡೇ ಇದನ್ನು ಇನ್ನೂ ಅಗಲ ಮಾಡಿದರು: ಒಬ್ಬ ವ್ಯಕ್ತಿಯ, ಜಾಗದ ಅಥವಾ ವಸ್ತುವಿನ ಸ್ಥಿತಿ ಹೇಗಿದೆ ಅಂತ ತಿಳಿಸಬಲ್ಲ ಯಾವ ಮಾಹಿತಿಯಾದರೂ ಸಂದರ್ಭವೇ. ಆರೋಗ್ಯದ ವಿಷಯದಲ್ಲಿ ಇದು ಬಹಳ ಸರಳ. ನಾಡಿ 105 ಅನ್ನುವ ಅಂಕಿಗೆ ತಾನಾಗಿ ಅರ್ಥವಿಲ್ಲ. ಮೆಟ್ಟಿಲು ಹತ್ತಿದ ಮೇಲೆ 105, ಸರಿ. ರಾತ್ರಿ ಮಲಗಿ ಗಂಟೆಗಳಾದ ಮೇಲೆ 105, ಸರಿಯಲ್ಲ.

ಹಾಗಾಗಿ ತಂಡ ಕೆಲವು ನಿಯಮ ಸೇರಿಸಿತು. ಬ್ಯಾಂಡ್ ಪ್ರಕಾರ ನಡೆಯುತ್ತಿದ್ದರೆ ನಾಡಿಯ ಅಲಾರಂ ತಡೆಹಿಡಿ. ಆಮ್ಲಜನಕ ಕಡಿಮೆ ಬಂದರೆ ಎರಡು ನಿಮಿಷ ಬಿಟ್ಟು ಮತ್ತೆ ನೋಡಲು ಹೇಳು, ಆಮೇಲೂ ಕಡಿಮೆ ಇದ್ದರೆ ಮಾತ್ರ ನರ್ಸ್‌ಗೆ ತಿಳಿಸು. ತೂಕವನ್ನು ಒಂದು ಸ್ಥಿರ ಅಂಕಿಗೆ ಹೋಲಿಸಬೇಡ, ಹಿಂದಿನ ಏಳು ದಿನದ ಸರಾಸರಿಗೆ ಹೋಲಿಸು, ಒಂದು ದಿನದ ಏರಿಳಿತ ತಾನಾಗಿ ತಟಸ್ಥವಾಗುತ್ತದೆ. ರಾತ್ರಿ ಹಾಸಿಗೆ ಪಟ್ಟಿಯ ಬಡಿತವನ್ನೇ ನಂಬು, ಅದು ಬ್ಯಾಂಡ್‌ಗಿಂತ ಶಾಂತ. ಕೊನೆಯದು, ರಾತ್ರಿಯಿಡೀ ಹಾಸಿಗೆ ಖಾಲಿ ಇದ್ದರೆ ರೋಗಿ ಊರಲ್ಲಿಲ್ಲ ಅಂತ ತಿಳಿದು ಆ ರಾತ್ರಿಯ ಅಲಾರಂಗಳನ್ನು ಬಿಟ್ಟುಬಿಡು.

ಒಂದೊಂದನ್ನೂ ಬಿಡಿಯಾಗಿ ಓದಿ ನೋಡಿ, ಎಲ್ಲವೂ ಸರಿಯಾಗಿಯೇ ಕಾಣುತ್ತವೆ ಅಲ್ವಾ? ಫಲ ಕೂಡ ತಕ್ಷಣ ಸಿಕ್ಕಿತು. ಪರದೆ ಶಾಂತವಾಯಿತು. ನರ್ಸ್‌ಗೆ ಉಳಿದ ರೋಗಿಗಳ ಕಡೆ ನೋಡಲು ಸಮಯ ಸಿಕ್ಕಿತು, ರೋಗಿಗೆ ದಿನಕ್ಕೆರಡು ಫೋನ್ ತಪ್ಪಿತು. ಇದು ನಿಜವಾದ ಲಾಭ, ನಾನು ಇಲ್ಲವೆನ್ನುವುದಿಲ್ಲ.

ಮೂರನೇ ಹಂತ: ಶಾಂತ ಪರದೆಯ ಹಿಂದೆ ನಡೆದದ್ದು

ಆಕೆಯ ತೂಕ ದಿನಕ್ಕೆ ಸುಮಾರು 300 ಗ್ರಾಂನಂತೆ ಏರತೊಡಗಿತು. ಹೃದಯ ವೈಫಲ್ಯದಲ್ಲಿ ನೀರು ತುಂಬುವುದು ಹೆಚ್ಚಾಗಿ ಹೀಗೇ, ಆಸ್ಪತ್ರೆ ಸೇರುವ ದಿನಕ್ಕಿಂತ ಒಂದು ವಾರ ಅಥವಾ ಇನ್ನೂ ಮೊದಲೇ ತೂಕ ಮೆಲ್ಲಗೆ ಮೇಲೆ ಹೋಗಲು ಶುರುವಾಗಿರುತ್ತದೆ. ಈಗ ಲೆಕ್ಕ ಹಾಕಿ. ದಿನಕ್ಕೆ 0.3 ಕಿಲೋ ಅಂದರೆ ಮೂರು ದಿನಕ್ಕೆ 0.9, ಅದು 2 ಕಿಲೋ ಗೆರೆ ಮುಟ್ಟುವುದಿಲ್ಲ. ಏಳು ದಿನದ ಸರಾಸರಿಗೆ ಹೋಲಿಸಿದರೆ ಇನ್ನೂ ವಿಚಿತ್ರ: ತೂಕ ಏರಿದಂತೆ ಸರಾಸರಿಯೂ ಅದರ ಹಿಂದೆಯೇ ಏರುತ್ತದೆ, ಸರಿಯಾಗಿ ನಾಲ್ಕು ದಿನ ಹಿಂದೆ. ಹಾಗಾಗಿ ಇವೆರಡರ ವ್ಯತ್ಯಾಸ ಯಾವಾಗ ನೋಡಿದರೂ 1.2 ಕಿಲೋ, ಅದಕ್ಕಿಂತ ಜಾಸ್ತಿ ಆಗುವುದೇ ಇಲ್ಲ. ತಿಂಗಳುಗಟ್ಟಲೆ ಹೀಗೇ ಏರುತ್ತಾ ಹೋದರೂ ಈ ನಿಯಮದ ಕಣ್ಣಿಗೆ ಬೀಳುವುದಿಲ್ಲ! ಏರಲು ಶುರುವಾದ ಒಂಬತ್ತನೇ ದಿನ ತೂಕ 65.1 ಕಿಲೋ. ಒಣ ತೂಕಕ್ಕಿಂತ 2.7 ಕಿಲೋ ಹೆಚ್ಚು. ಪರದೆಯ ಮೇಲೆ ಹಸಿರು ಚುಕ್ಕೆ.

ಹೆಜ್ಜೆಗಳೂ ಕಡಿಮೆಯಾಗುತ್ತಿದ್ದವು. ಅದಕ್ಕೆ ವ್ಯವಸ್ಥೆ ಹಚ್ಚಿದ ಚೀಟಿ "ವಿಶ್ರಾಂತಿ". ಏದುಸಿರು ಬರುವವರು ನಡೆಯುವುದನ್ನು ತಾವಾಗಿಯೇ ಕಡಿಮೆ ಮಾಡುತ್ತಾರೆ. ಕಡಿಮೆ ನಡೆದರೆ ನಾಡಿ ಏರುವುದೂ ಕಡಿಮೆ, ಆಗ ನಾಡಿಯ ಪಟ್ಟಿ ಇನ್ನೂ ಚೆನ್ನಾಗಿ ಕಾಣುತ್ತದೆ. ಕಾಯಿಲೆ ಜಾಸ್ತಿಯಾದಷ್ಟೂ ಅಂಕಿಗಳು ಸುಧಾರಿಸಿದಂತೆ ಕಾಣುವುದು ಅಂದರೆ ಇದೇ.

ಇನ್ನು ಬೆಳಗಿನ ಆಮ್ಲಜನಕ. 95, 94, 95. ತೊಂದರೆ ಏನೂ ಇಲ್ಲ. ಆದರೆ ಆಕೆ ಅದನ್ನು ನೋಡಿಕೊಳ್ಳುತ್ತಿದ್ದದ್ದು ನೆಟ್ಟಗೆ ಕೂತು. ಇಂಥ ರೋಗಿಗಳಿಗೆ ಕೂತಾಗ ಉಸಿರಾಟ ಹಗುರ, ಮಲಗಿದಾಗ ಕಷ್ಟ. ಅಳತೆ ತೆಗೆದಾಗ ಮೈ ಯಾವ ಭಂಗಿಯಲ್ಲಿತ್ತು ಅನ್ನುವುದೂ ಸಂದರ್ಭವೇ, ಕಿಟ್‌ನಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಇನ್ನೊಂದು ಮಾತನ್ನೂ ಇಲ್ಲೇ ಸೇರಿಸುತ್ತೇನೆ. 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ಕಪ್ಪು ಚರ್ಮದ ರೋಗಿಗಳಲ್ಲಿ ಶೇಕಡಾ 11.7ರಷ್ಟು ಅಳತೆಗಳಲ್ಲಿ ರಕ್ತದ ನಿಜವಾದ ಮಟ್ಟ 88ಕ್ಕಿಂತ ಕೆಳಗಿತ್ತು, ಬಿಳಿಯರಲ್ಲಿ ಅದು ಶೇಕಡಾ 3.6. ಅಂದರೆ ಬೆರಳಿನ ಯಂತ್ರ "ಸರಿ" ಅಂದದ್ದು ಎಷ್ಟು ಸರಿ ಅನ್ನುವುದು ಬೆರಳು ಯಾರದ್ದು ಅನ್ನುವುದರ ಮೇಲೂ ನಿಂತಿದೆ.

ಈಗ ರಾತ್ರಿಗಳಿಗೆ ಬರೋಣ. ಪ್ರಕರಣದ ತಿರುಳು ಇರುವುದು ಅಲ್ಲಿ.

ಆರನೇ ದಿನದ ರಾತ್ರಿಯಿಂದ ಹಾಸಿಗೆಯಲ್ಲಿ ಆಕೆಯ ಜಾಗ ಖಾಲಿ. ವ್ಯವಸ್ಥೆ ತನ್ನ ನಿಯಮದಂತೆ "ಊರಲ್ಲಿಲ್ಲ" ಅಂತ ಬರೆದುಕೊಂಡು ರಾತ್ರಿಯ ಅಲಾರಂಗಳನ್ನು ಬಿಟ್ಟಿತು. ಏಳನೇ ರಾತ್ರಿಯೂ ಅದೇ. ಎಂಟನೇ ರಾತ್ರಿ ಹಾಸಿಗೆ ಪಟ್ಟಿಗೆ ಒಬ್ಬರು ಸಿಕ್ಕರು: ಬಡಿತ 64, ಉಸಿರು ನಿಧಾನ, ರಾತ್ರಿಯಿಡೀ ಒಳ್ಳೆ ನಿದ್ದೆ. ರೋಗಿ ಮನೆಗೆ ವಾಪಸ್ ಬಂದಿದ್ದಾರೆ, ಚೆನ್ನಾಗಿದ್ದಾರೆ ಅಂತ ವರದಿ ಹೋಯಿತು.

ಒಂಬತ್ತನೇ ದಿನ ಬೆಳಿಗ್ಗೆ ನರ್ಸ್ ಬೇರೆ ಯಾವುದೋ ಕಾರಣಕ್ಕೆ ಈ ಕಡತ ತೆರೆದರು. ಅಲಾರಂ ಇರಲಿಲ್ಲ. ನರ್ಸ್ ಸಾರಾಂಶದ ಪುಟ ಬಿಟ್ಟು ಕಚ್ಚಾ ಅಂಕಿಗಳ ಪುಟಕ್ಕೆ ಹೋದರು. ಹಿಂದಿನ ರಾತ್ರಿ 2 ಗಂಟೆ 10 ನಿಮಿಷದ ಸಾಲಿನಲ್ಲಿ ಹಾಸಿಗೆ ಪಟ್ಟಿ 64 ಅನ್ನುತ್ತಿದೆ, ಅದೇ ಸಾಲಿನಲ್ಲಿ ಬ್ಯಾಂಡ್ 92 ಅನ್ನುತ್ತಿದೆ. 2 ಗಂಟೆ 20ಕ್ಕೆ 63 ಮತ್ತು 93. ಎರಡೂವರೆಗೆ 64 ಮತ್ತು 91. ಹೀಗೇ ಬೆಳಗಿನವರೆಗೆ. ಒಬ್ಬರ ಎದೆಯಲ್ಲಿ ಎರಡು ಹೃದಯ ಇರುವುದಿಲ್ಲವಲ್ಲ. ಹಾಸಿಗೆಯಲ್ಲಿರುವವರು ಬೇರೆ, ಬ್ಯಾಂಡ್ ಕಟ್ಟಿಕೊಂಡವರು ಬೇರೆ. ಹಿಂದಿನ ಎರಡು ರಾತ್ರಿ ನೋಡಿದರು, ಹಾಸಿಗೆ ಖಾಲಿ, ಬ್ಯಾಂಡ್‌ನಲ್ಲಿ ಮಾತ್ರ ನಾಡಿ ಬರುತ್ತಲೇ ಇದೆ, ಆ ಮನೆಯ ಪೆಟ್ಟಿಗೆಯ ಮೂಲಕವೇ ಬರುತ್ತಿದೆ. ಬಾಗಿಲಿನ ಸೆನ್ಸರ್ ನೋಡಿದರು. ಸಂಜೆ ಮುಚ್ಚಿದ ಬಾಗಿಲು ಬೆಳಿಗ್ಗೆಯವರೆಗೆ ತೆರೆದೇ ಇಲ್ಲ.

ಫೋನ್ ಮಾಡಿದರು. ಈ ಸಲ "ಹೇಗಿದ್ದೀರಿ" ಅಂತ ಕೇಳಲಿಲ್ಲ.

"ಅಮ್ಮಾ, ರಾತ್ರಿ ಎಲ್ಲಿ ಮಲಗಿದ್ರಿ?"

"ಕುರ್ಚಿಲಿ ಸಿಸ್ಟರ್. ಒರಗು ಕುರ್ಚಿ ಇದೆಯಲ್ಲ, ಅದರಲ್ಲೇ."

"ಯಾಕಮ್ಮ, ಹಾಸಿಗೆ ಸರಿಹೋಗಲ್ವಾ?"

"ಹಾಸಿಗೇಲಿ ಅಂಗಾತ ಮಲಗಿದ್ರೆ ಉಸಿರು ಕಟ್ಟಿದ ಹಾಗೆ ಆಗುತ್ತೆ. ಮೊದಲು ಒಂದು ದಿಂಬು ಜಾಸ್ತಿ ಹಾಕ್ಕೊಂಡೆ, ಆಮೇಲೆ ಮೂರು ಹಾಕ್ಕೊಂಡೆ, ಅದೂ ಆಗಲಿಲ್ಲ. ಕೂತ್ರೆ ಆರಾಮ. ನಿಮಗೆ ಎಲ್ಲ ಗೊತ್ತಾಗುತ್ತೆ ಅಲ್ವಾ ಆ ಮೆಷಿನ್‌ನಲ್ಲಿ, ಅದಕ್ಕೇ ನಾನು ಹೇಳಲಿಲ್ಲ."

ಕೊನೆಯ ವಾಕ್ಯ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಂತ್ರ ನೋಡಿಕೊಳ್ಳುತ್ತಿದೆ ಅನ್ನುವ ನಂಬಿಕೆಯಿಂದಲೇ ರೋಗಿ ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸಿದ್ದರು. ಎಷ್ಟು ದಿಂಬು ಹಾಕಿಕೊಳ್ಳುತ್ತೀರಿ ಅನ್ನುವುದು ಹೃದಯದ ವೈದ್ಯರು ಕೇಳುವ ತೀರಾ ಹಳೆಯ ಪ್ರಶ್ನೆ. ಮಲಗಿದಾಗ ಕಾಲಿನಲ್ಲಿ, ಹೊಟ್ಟೆಯಲ್ಲಿ ನಿಂತಿದ್ದ ನೀರು ರಕ್ತಕ್ಕೆ ಮರಳಿ ಎದೆಯ ಕಡೆ ಬರುತ್ತದೆ, ಸೋತ ಹೃದಯಕ್ಕೆ ಅದನ್ನು ದಾಟಿಸಲು ಆಗುವುದಿಲ್ಲ, ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಹಾಸಿಗೆ ಬಿಟ್ಟು ಕುರ್ಚಿಯಲ್ಲಿ ನಿದ್ದೆ ಮಾಡುವುದು ಕಾಯಿಲೆ ಹದಗೆಡುತ್ತಿರುವ ಮುಖ್ಯ ಗುರುತುಗಳಲ್ಲಿ ಒಂದು. ವ್ಯವಸ್ಥೆಯ ಕೈಗೆ ಆ ಗುರುತು ಸ್ಪಷ್ಟವಾಗಿ ಸಿಕ್ಕಿತ್ತು. ಅದೇ ಗುರುತನ್ನು ಅದು ಬಾಯಿ ಮುಚ್ಚಿಕೊಳ್ಳಲು ಕಾರಣ ಮಾಡಿಕೊಂಡಿತು.

ವೈದ್ಯರು ಅದೇ ದಿನ ನೋಡಿದರು. ಕಾಲು ಊದಿತ್ತು, ಶ್ವಾಸಕೋಶದ ಬುಡದಲ್ಲಿ ನೀರಿನ ಸದ್ದಿತ್ತು. ನೀರಿನ ಮಾತ್ರೆ ಹೆಚ್ಚಿಸಿದರು. ಮಾತ್ರೆ ಹೆಚ್ಚಾದಾಗ ಪೊಟ್ಯಾಷಿಯಂ ಮತ್ತು ಕಿಡ್ನಿ ಕೆಲಸ ಏರುಪೇರಾಗಬಹುದು, ಹಾಗಾಗಿ ಕೆಲವೇ ದಿನದಲ್ಲಿ ರಕ್ತ ಪರೀಕ್ಷೆಗೂ ಬರೆದರು. ತೂಕ ಇಳಿಯಿತು, ಆಕೆ ಮತ್ತೆ ಹಾಸಿಗೆಯಲ್ಲಿ ಮಲಗುವಂತಾದರು, ಆಸ್ಪತ್ರೆ ಸೇರಬೇಕಾಗಲಿಲ್ಲ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಏದುಸಿರು ಏಕಾಏಕಿ ಬಂದರೆ, ಎದೆ ನೋವು ಬಂದರೆ, ತಲೆಸುತ್ತಿ ಬಿದ್ದರೆ ಯಾವ ಪರದೆಗೂ ಕಾಯಬಾರದು, ನೇರ ಆಂಬುಲೆನ್ಸ್ ಕರೆಯಬೇಕು. ಮನೆ ನಿಗಾ ಇರುವುದು ನಿಧಾನವಾಗಿ ಹದಗೆಡುವುದನ್ನು ಹಿಡಿಯಲು.

ಎಲ್ಲಿ ತಪ್ಪಿತು

ಹಾಸಿಗೆ ಪಟ್ಟಿ ಕೆಟ್ಟಿರಲಿಲ್ಲ. ಯಾರೂ ಮಲಗಿಲ್ಲ ಅಂತ ಅದು ಹೇಳಿದ್ದು ನಿಜವೇ. ಎಂಟನೇ ರಾತ್ರಿ ಗಂಡ ನಿದ್ದೆಯಲ್ಲಿ ಹೊರಳಿ ಆಕೆಯ ಜಾಗಕ್ಕೆ ಬಂದಿದ್ದರು, ಅವರ ಬಡಿತವನ್ನು ಅದು ಸರಿಯಾಗಿಯೇ ಅಳೆಯಿತು. ಸೆನ್ಸರ್‌ಗಳು ಎಲ್ಲೂ ಸುಳ್ಳು ಹೇಳಲಿಲ್ಲ. ಸುಳ್ಳಾದದ್ದು ಸೆನ್ಸರ್ ಮಾತಿನಿಂದ ಸಂದರ್ಭಕ್ಕೆ ಹಾರಿದ ಆ ಒಂದು ಹೆಜ್ಜೆ. "ಹಾಸಿಗೆ ಖಾಲಿ" ಎಂಬುದು ಕಂಡ ಸಂಗತಿ. "ಊರಲ್ಲಿಲ್ಲ" ಎಂಬುದು ಊಹೆ. ನಿಯಮ ಬರೆಯುವಾಗ ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ಆಮೇಲೆ ಬೇರೆ ಮಾಡಿ ನೋಡುವವರು ಯಾರೂ ಇರುವುದಿಲ್ಲ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಸಂದರ್ಭವನ್ನು ಅಲಾರಂ ಅಡಗಿಸುವುದಕ್ಕೆ ಮಾತ್ರ ಬಳಸಿದರು. ಮೇಲಿನ ಐದು ನಿಯಮಗಳನ್ನು ಇನ್ನೊಂದು ಸಲ ಓದಿ: ತಡೆಹಿಡಿ, ಕಾಯಿ, ತಟಸ್ಥ ಮಾಡು, ಇದನ್ನೇ ನಂಬು, ಬಿಟ್ಟುಬಿಡು. ಸಂದರ್ಭ ನೋಡಿ ಹೊಸದಾಗಿ ಎಚ್ಚರಿಸುವ ಒಂದು ನಿಯಮವೂ ಇಲ್ಲ. ಬೀಟಾ ಬ್ಲಾಕರ್ ತೆಗೆದುಕೊಳ್ಳುವ ರೋಗಿಯ ನಾಡಿಯನ್ನು ಆ ಮಾತ್ರೆಯೇ ಕೆಳಗೆ ಹಿಡಿದಿಟ್ಟಿರುತ್ತದೆ. ಈಕೆಗೆ ರಾತ್ರಿ ಸಾಮಾನ್ಯವಾಗಿ 60ರ ಆಸುಪಾಸು. ಅಂಥವರಿಗೆ ನಿದ್ದೆಯ ಹೊತ್ತಿನಲ್ಲಿ 92 ಅಂದರೆ ಅದು ಜೋರಾದ ಕೂಗು, ಆದರೆ 110ರ ಗೆರೆ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಮಾತ್ರೆಗಳ ಪಟ್ಟಿ ಅದೇ ಕಡತದಲ್ಲಿತ್ತು, ಎರಡು ಪುಟದಾಚೆ. ಸಂದರ್ಭ ಅಂದರೆ ಬಾಗಿಲು, ಹಾಸಿಗೆ, ಹೆಜ್ಜೆ ಅಂತಲೇ ಯೋಚಿಸಿದರೆ, ಮಾತ್ರೆ ಚೀಟಿಯಷ್ಟು ಮುಖ್ಯವಾದ ಸಂದರ್ಭ ಕಣ್ಣು ತಪ್ಪುತ್ತದೆ.

ಏಳು ದಿನದ ಸರಾಸರಿ ಬಗ್ಗೆಯೂ ನನಗೆ ತಕರಾರಿದೆ. ರೋಗಿಯ ರೂಢಿಯನ್ನು ತಾನೇ ಕಲಿತುಕೊಳ್ಳುವ ವ್ಯವಸ್ಥೆ ಅಂದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಮೆಲ್ಲಗೆ ಕೆಡುವ ಕಾಯಿಲೆಯಲ್ಲಿ ಅದು ಕೆಟ್ಟ ಸ್ಥಿತಿಯನ್ನೇ ರೂಢಿ ಅಂತ ಕಲಿಯುತ್ತದೆ. ನಿನ್ನೆಗಿಂತ ಇವತ್ತು ಬೇರೆಯಾ ಅನ್ನುವುದು ಒಂದು ಪ್ರಶ್ನೆ. ಚೆನ್ನಾಗಿದ್ದ ದಿನಕ್ಕಿಂತ ಇವತ್ತು ಬೇರೆಯಾ ಅನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಕೇಳಬೇಕು.

ಏನು ಬದಲಾಯಿಸಿದರು

ತೂಕಕ್ಕೆ ಈಗ ಎರಡು ಗೆರೆ. ಬೇಗ ಏರಿದರೆ ಹಿಡಿಯಲು ಮೂರು ದಿನದ ಲೆಕ್ಕ, ಮೆಲ್ಲಗೆ ಏರಿದರೆ ಹಿಡಿಯಲು ಒಣ ತೂಕದಿಂದ ಎಷ್ಟು ದೂರ ಅನ್ನುವ ಲೆಕ್ಕ. ಒಣ ತೂಕವನ್ನು ವೈದ್ಯರು ಮಾತ್ರ ಬದಲಾಯಿಸಬಹುದು, ಯಂತ್ರ ತಾನಾಗಿ ಬದಲಾಯಿಸುವ ಹಾಗಿಲ್ಲ. ನಿಜವಾಗಿಯೂ ಮೈ ತುಂಬಿಕೊಂಡರೆ ಅಥವಾ ಸಣ್ಣಗಾದರೆ ಒಣ ತೂಕವೂ ಬದಲಾಗುತ್ತದೆ, ಆದರೆ ಅದು ಪರೀಕ್ಷೆ ಮಾಡಿ ತೀರ್ಮಾನಿಸುವ ವಿಷಯ. ರಾತ್ರಿಯ ನಾಡಿಯನ್ನೂ ಹೀಗೆಯೇ, ಮಾತ್ರೆ ಸರಿಹೊಂದಿದ ಮೇಲಿನ ಆಕೆಯದೇ ಒಳ್ಳೆಯ ರಾತ್ರಿಗಳಿಗೆ ಹೋಲಿಸುತ್ತಾರೆ.

ಎರಡು ಸೆನ್ಸರ್ ಬೇರೆ ಬೇರೆ ಹೇಳಿದರೆ ಇನ್ನು ಒಂದನ್ನು ಆರಿಸಿ ಇನ್ನೊಂದನ್ನು ಎಸೆಯುವುದಿಲ್ಲ, ಸರಾಸರಿಯನ್ನೂ ತೆಗೆಯುವುದಿಲ್ಲ. ಜಗಳ ಇದೆ ಅಂತಲೇ ಬರೆದಿಡುತ್ತದೆ. ಪರದೆಯಲ್ಲಿ ಮೊದಲು ಹಸಿರು, ಕೆಂಪು ಎರಡೇ ಇದ್ದವು. ಈಗ ಬೂದು ಬಣ್ಣವೂ ಇದೆ: ಗೊತ್ತಿಲ್ಲ ಅಂತ. ಈ ಬೂದು ಬಣ್ಣ ಇಡೀ ಬದಲಾವಣೆಯಲ್ಲಿ ನನಗೆ ತುಂಬಾ ಹಿಡಿಸಿದ ಭಾಗ. ಅಂಕಿ ಬರದೇ ಇರುವುದೂ ಒಂದು ಸುದ್ದಿಯೇ. ದಿನವೂ ತೂಕ ನೋಡುತ್ತಿದ್ದವರು ಎರಡು ದಿನ ನೋಡಲಿಲ್ಲ ಅಂದರೆ ಮರೆತಿರಬಹುದು, ಯಂತ್ರದ ಮೇಲೆ ಹತ್ತಿ ನಿಲ್ಲಲಾಗದಷ್ಟು ಸುಸ್ತಾಗಿರಬಹುದು. ಎರಡನ್ನೂ "ಮಾಹಿತಿ ಇಲ್ಲ" ಅಂತ ಒಂದೇ ಖಾನೆಗೆ ಹಾಕಿ ಹಸಿರು ಬಿಡುವುದು ಎಷ್ಟು ಅಪಾಯ ನೋಡಿ.

ಹಾಸಿಗೆ ಖಾಲಿ ಇದ್ದು ಬಾಗಿಲು ತೆರೆದಿಲ್ಲ, ಬ್ಯಾಂಡ್‌ನಲ್ಲಿ ನಾಡಿ ಬರುತ್ತಿದೆ ಅಂದರೆ ಬೆಳಿಗ್ಗೆ ರೋಗಿಯ ಫೋನ್‌ಗೆ ಒಂದು ಪ್ರಶ್ನೆ ಹೋಗುತ್ತದೆ, "ರಾತ್ರಿ ಎಲ್ಲಿ ಮಲಗಿದ್ದಿರಿ?" ಉತ್ತರ ಹಾಸಿಗೆ, ಕುರ್ಚಿ, ಬೇರೆ ಕಡೆ. ಕುರ್ಚಿ ಅಂದರೆ ಮುಂದಿನ ಪ್ರಶ್ನೆ ಯಾಕೆ ಅಂತ. ಉತ್ತರ ಬಾರದಿದ್ದರೆ ಹತ್ತು ಗಂಟೆಯೊಳಗೆ ನರ್ಸ್ ಫೋನ್. ಹೇಗಿದ್ದೀರಿ ಅಂತ ಮಾತ್ರ ಎಲ್ಲೂ ಕೇಳುವುದಿಲ್ಲ, ಆ ಪ್ರಶ್ನೆಗೆ ಚೆನ್ನಾಗಿದ್ದೀನಿ ಅನ್ನುವುದು ಎಲ್ಲರ ಬಾಯಿಪಾಠ.

ತಡೆಹಿಡಿದ ಅಲಾರಂಗಳೂ ಈಗ ಮಾಯವಾಗುವುದಿಲ್ಲ. ಯಾವ ಕಾರಣಕ್ಕೆ ಯಾವುದನ್ನು ತಡೆದೆ ಅಂತ ದಿನದ ಕೊನೆಗೆ ಒಂದು ಪುಟ ನರ್ಸ್ ಮುಂದೆ ಬರುತ್ತದೆ, ಒಂದೇ ಕಾರಣಕ್ಕೆ ಎರಡು ದಿನ ಸತತವಾಗಿ ತಡೆದರೆ ಮೂರನೇ ದಿನ ತಡೆಯುವ ಅಧಿಕಾರವೇ ಅದಕ್ಕಿಲ್ಲ. ಅಲಾರಂಗಳ ಸಂಖ್ಯೆ ಇದರಿಂದ ಸ್ವಲ್ಪ ಏರಿತಾ ಅಂದರೆ ಏರಿತು. ಆದರೆ ಈಗ ಬರುವುದರಲ್ಲಿ ಹೆಚ್ಚಿನವು ಬೆಳಗಿನ ಪ್ರಶ್ನೆಗಳು, ರಾತ್ರಿ ಯಾರನ್ನೂ ಎಬ್ಬಿಸುವಂಥವಲ್ಲ.

ಒಂದು ಸಲಹೆಯನ್ನು ಮಾತ್ರ ತಂಡ ಬಿಟ್ಟುಬಿಟ್ಟಿತು, ಬಿಟ್ಟದ್ದು ಒಳ್ಳೆಯದಾಯಿತು. ಕುರ್ಚಿಗೆ ಒಂದು ಸೆನ್ಸರ್, ಕೋಣೆಗೆ ಒಂದು ಕ್ಯಾಮೆರಾ ಹಾಕಿದರೆ ಊಹೆಯೇ ಬೇಡ ಅಂತ ತಾಂತ್ರಿಕ ತಂಡದವರು ಹೇಳಿದ್ದರು. ರೋಗಿ ಒಪ್ಪಲಿಲ್ಲ. ಒಂದು ಪ್ರಶ್ನೆಯಿಂದ ಗೊತ್ತಾಗುವ ವಿಷಯಕ್ಕೆ ಮಲಗುವ ಕೋಣೆಯಲ್ಲಿ ಕ್ಯಾಮೆರಾ ಯಾಕೆ? ಈ ಚರ್ಚೆಯಲ್ಲೇ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಎಂಟನೇ ರಾತ್ರಿ ಹಾಸಿಗೆ ಪಟ್ಟಿ ಗಂಡನ ಬಡಿತ, ಉಸಿರು, ನಿದ್ದೆಯನ್ನೂ ದಾಖಲು ಮಾಡಿತ್ತು, ಅವರ ಸಹಿ ಯಾವ ಕಾಗದದಲ್ಲೂ ಇರಲಿಲ್ಲ. ಅವರು ರೋಗಿಯಲ್ಲ, ಯಾರೂ ಅವರನ್ನು ಕೇಳಿರಲಿಲ್ಲ. ಈಗ ಅವರ ಒಪ್ಪಿಗೆ ಪಡೆದಿದ್ದಾರೆ, ಬ್ಯಾಂಡ್ ಜೊತೆ ತಾಳೆಯಾಗದ ಹಾಸಿಗೆ ಅಂಕಿಯನ್ನು ರೋಗಿಯ ಕಡತಕ್ಕೆ ಸೇರಿಸದೆ ಅಳಿಸುತ್ತಾರೆ. ತಾಳೆಯಾಗಲಿಲ್ಲ ಅನ್ನುವ ಗುರುತು ಮಾತ್ರ ಉಳಿಯುತ್ತದೆ.

ಇದೆಲ್ಲ ಮಾಡಿದರೆ ನಿಜಕ್ಕೂ ಪ್ರಯೋಜನ ಇದೆಯಾ ಅಂತ ಕೇಳುವವರಿಗೆ ಎರಡು ದೊಡ್ಡ ಅಧ್ಯಯನಗಳನ್ನು ತೋರಿಸುತ್ತೇನೆ. 2010ರಲ್ಲಿ ಪ್ರಕಟವಾದ ಟೆಲಿ ಎಚ್‌ಎಫ್ ಅಧ್ಯಯನದಲ್ಲಿ ಅಮೆರಿಕದ 1653 ಹೃದಯ ವೈಫಲ್ಯದ ರೋಗಿಗಳಿದ್ದರು. ಅರ್ಧದಷ್ಟು ಜನ ದಿನವೂ ಫೋನ್ ಮಾಡಿ ಧ್ವನಿಯಂತ್ರದ ಪ್ರಶ್ನೆಗಳಿಗೆ ಉತ್ತರ, ತೂಕ ಕೊಡಬೇಕಿತ್ತು. ಆರು ತಿಂಗಳಿಗೆ ನೋಡಿದರೆ ಮತ್ತೆ ಆಸ್ಪತ್ರೆ ಸೇರುವುದರಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಇಲ್ಲ. ನಿಗಾ ಸಿಕ್ಕವರಲ್ಲಿ ಶೇಕಡಾ 14 ಜನ ಒಂದು ಸಲವೂ ಫೋನ್ ಮಾಡಿರಲಿಲ್ಲ, ಕೊನೆಯ ವಾರದ ಹೊತ್ತಿಗೆ ವಾರಕ್ಕೆ ಮೂರು ಸಲವಾದರೂ ಮಾಡುತ್ತಿದ್ದವರು ಶೇಕಡಾ 55. 2018ರಲ್ಲಿ ಜರ್ಮನಿಯ ಟಿಮ್ ಎಚ್‌ಎಫ್ 2 ಅಧ್ಯಯನದ ಫಲಿತಾಂಶ ಬಂತು, 1571 ರೋಗಿಗಳು. ಅಲ್ಲಿ ತೂಕ, ಬಿಪಿ, ಇಸಿಜಿ, ಆಮ್ಲಜನಕದ ಜೊತೆಗೆ ಇವತ್ತು ನಿಮಗೆ ಹೇಗನ್ನಿಸುತ್ತಿದೆ ಎಂಬ ರೋಗಿಯದೇ ಅಂದಾಜೂ ದಿನವೂ ಹೋಗುತ್ತಿತ್ತು, ಇನ್ನೊಂದು ತುದಿಯಲ್ಲಿ 24 ಗಂಟೆಯೂ ವೈದ್ಯರು ಮತ್ತು ನರ್ಸ್‌ಗಳು ಇರುತ್ತಿದ್ದರು. ಹೃದಯದ ತೊಂದರೆಯಿಂದ ಹಠಾತ್ತನೆ ಆಸ್ಪತ್ರೆ ಸೇರಿದ್ದರಿಂದಲೋ ಸಾವಿನಿಂದಲೋ ಕಳೆದುಹೋದ ದಿನಗಳು ನಿಗಾ ಇದ್ದವರಲ್ಲಿ ಶೇಕಡಾ 4.88, ಇಲ್ಲದವರಲ್ಲಿ 6.64. ಎರಡು ಅಧ್ಯಯನಗಳ ರೋಗಿಗಳೂ ಕಾಲವೂ ಬೇರೆ, ಆದ್ದರಿಂದ ಸುಮ್ನೆ ಪಕ್ಕಪಕ್ಕ ಇಟ್ಟು ತೀರ್ಪು ಕೊಡಲಾಗದು. ಆದರೂ ಯಂತ್ರಕ್ಕೆ ಉತ್ತರ ಕೊಟ್ಟು ಫೋನ್ ಇಡುವುದಕ್ಕೂ, ತಕ್ಷಣ ಮಾತ್ರೆ ಬದಲಾಯಿಸಬಲ್ಲ ಮನುಷ್ಯರು ಆ ತುದಿಯಲ್ಲಿ ಇರುವುದಕ್ಕೂ ಇರುವ ವ್ಯತ್ಯಾಸ ನನಗೆ ದೊಡ್ಡದಾಗಿಯೇ ಕಾಣುತ್ತದೆ. ಈ ಪ್ರಕರಣದಲ್ಲೂ ಸೆನ್ಸರ್‌ಗಳು ಕೂಡಿಟ್ಟದ್ದನ್ನು ಅರ್ಥ ಮಾಡಿಕೊಂಡದ್ದು ಕಚ್ಚಾ ಪುಟ ತೆರೆದ ಒಬ್ಬ ನರ್ಸ್.

ಇನ್ನೂ ಸರಿಹೋಗದೇ ಉಳಿದಿರುವುದು ಆಕೆ ನಿಜವಾಗಿಯೂ ಬೇರೆ ಊರಿಗೆ ಹೋದಾಗಿನ ಕಥೆ. ಆಗ ಹಾಸಿಗೆ, ಬಾಗಿಲು, ತೂಕದ ಯಂತ್ರ ಯಾವುದೂ ಜೊತೆಗಿಲ್ಲ, ಬ್ಯಾಂಡ್ ಒಂದೇ. ಸದ್ಯಕ್ಕೆ ಮಾಡಿಕೊಂಡಿರುವ ಏರ್ಪಾಡು ಇಷ್ಟು: ಊರಿಗೆ ಹೋಗುತ್ತೇನೆ ಅಂತ ರೋಗಿಯೇ ಒಂದು ಗುಂಡಿ ಒತ್ತಿ ವಾಪಸ್ ಬರುವ ದಿನ ಹೇಳುತ್ತಾರೆ, ಅಲ್ಲಿಯವರೆಗೆ ಪರದೆ ಬೂದು ಬಣ್ಣದಲ್ಲಿರುತ್ತದೆ, ಎಷ್ಟು ದಿಂಬು ಅನ್ನುವ ಪ್ರಶ್ನೆ ದಿನವೂ ಹೋಗುತ್ತದೆ. ಹೇಳಿದ ದಿನ ವಾಪಸ್ ಬಾರದಿದ್ದರೆ ನರ್ಸ್ ಫೋನ್ ಮಾಡುತ್ತಾರೆ. ಬಂದ ಮರುದಿನ ಬೆಳಿಗ್ಗೆ ಮೊದಲ ತೂಕ, ಗಟ್ಟಿ ನೆಲದ ಮೇಲೆ, 62.4ಕ್ಕೆ ಹೋಲಿಸಿ.